ಹೆಡ್‌ಫೋನಿನಲ್ಲಿ ಕೇಳಿಸಿದ್ದು

ಟಕ್. ಟಕ್ ಟಕ್.

ಮನೆಯವರೆಲ್ಲ ಮಲಗಿದ ಮೇಲೆ ನಡುಮನೆಯಿಂದ ಆ ಸದ್ದು ಬಂತು. ಪಿಸು ಎದ್ದು ಬಾಗಿಲ ಸಂದಿಯಲ್ಲಿ ಇಣುಕಿದಳು. ಅಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೈಕುಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟಿ ನೋಡುತ್ತಿದ್ದ. ತಲೆಯ ಮೇಲೆ ದೊಡ್ಡ ಹೆಡ್‌ಫೋನ್ ಇತ್ತು.

ಅಪ್ಪನದು ಮೈಕ್‌ಸೆಟ್ಟಿನ ಕೆಲಸ. ಯಾರ ಮಾತು ದೂರದವರೆಗೆ ಹೋಗಬೇಕೋ ಅವರು ಅಪ್ಪನನ್ನು ಕರೆಯುತ್ತಿದ್ದರು. ಅಂಥ ಅಪ್ಪನ ಮಗಳು ಮಾತಾಡಿದರೆ ಪಕ್ಕದ ಬೆಂಚಿಗೂ ಕೇಳಿಸುವುದಿಲ್ಲ ಎಂದು ಕ್ಲಾಸಿನವರು ಅವಳಿಗೆ ಪಿಸು ಎಂದು ಹೆಸರಿಟ್ಟಿದ್ದರು. ಈಗ ಮನೆಯಲ್ಲೂ ಅದೇ ಹೆಸರು.

ಮರುದಿನ ಪಿಸುವಿನ ಶಾಲೆಯಲ್ಲೇ ವಾರ್ಷಿಕೋತ್ಸವ. ಅದಕ್ಕೇ ಈ ತಯಾರಿ. ಅಪ್ಪ ಅವಳನ್ನು ಹತ್ತಿರ ಕರೆದು ಹೆಡ್‌ಫೋನನ್ನು ಅವಳ ತಲೆಗೆ ಹಾಕಿದ. ಸ್ಪೀಕರ್ ಸುಮ್ಮನೇ ಇತ್ತು. ಆದರೆ ಅಪ್ಪ ಉಸಿರೆಳೆದದ್ದು, ಮೀಸೆ ಕೆರೆದುಕೊಂಡದ್ದು ಎಲ್ಲವೂ ಕಿವಿಯೊಳಗೇ ಆದಂತೆ ಕೇಳಿಸಿತು. ಮಿಕ್ಸರ್ ಪೆಟ್ಟಿಗೆಯ ಗುಂಡಿಯನ್ನು ಮೇಲಕ್ಕೆ ಜಾರಿಸಿದರೆ ಮಾತ್ರ ಧ್ವನಿ ಹಾಲ್‌ಗೆ ಹೋಗುತ್ತದೆ, ಅಲ್ಲಿಯವರೆಗೆ ಹೆಡ್‌ಫೋನ್ ಹಾಕಿಕೊಂಡವರ ಕಿವಿಗೆ ಮಾತ್ರ ಎಂದು ಅಪ್ಪ ವಿವರಿಸಿದ.

"ನಿಂಗ್ಯಾಕೆ ನಿದ್ದೆ ಬರ್ಲಿಲ್ಲ?" ಎಂದು ಆಮೇಲೆ ಕೇಳಿದ.

ಪಿಸು ಸುಮ್ಮನೆ ಹೆಗಲು ಕುಣಿಸಿ ಒಳಗೆ ಹೋದಳು. ಅವಳ ನಿದ್ದೆ ಕೆಡಿಸಿದ್ದು ಗಂಟೆಯ ವಿಷಯ.

ಗಂಟೆ ಅಂದರೆ ಅವಳ ಗೆಳತಿ. ಅವಳು ಬಾಯಿ ತೆರೆದರೆ ಮೈಕೇ ಬೇಡ, ಹಾಗಾಗಿ ಗಂಟೆ. ವಾರ್ಷಿಕೋತ್ಸವದ ನಾಟಕದಲ್ಲಿ ಅವಳೇ ಸಿಡುಕು ರಾಜ. ಅಥವಾ, ಹಿಂದಿನ ವಾರದವರೆಗೆ ಆಗಿದ್ದಳು.

ಈ ವರ್ಷ ಶಾಲೆಯಲ್ಲಿ 'ಒಳ್ಳೆಯ ಮಾತಿನ ವರ್ಷ'. ಹೆಡ್‌ಮಿಸ್ಟ್ರೆಸ್, ಅಂದರೆ ಮಕ್ಕಳ ಬಾಯಲ್ಲಿ ದೊಡ್ಡ ಮಿಸ್, ಮೆಟ್ಟಿಲ ಹತ್ತಿರ ಬೋರ್ಡು ಹಾಕಿಸಿದ್ದರು. ಕತ್ತೆ, ಕೋತಿ, ಪೆದ್ದ ಎಲ್ಲವೂ ಬಂದ್. ನಾಟಕದಲ್ಲೂ ಕೆಂಪು ಪೆನ್ನು ಓಡಾಡಿತ್ತು. ರಾಜ ಮಂತ್ರಿಗೆ, "ಎಲೈ ಮೂರ್ಖ" ಎನ್ನಬೇಕಾಗಿದ್ದ ಜಾಗದಲ್ಲಿ ಈಗ, "ಎಲೈ ಬುದ್ಧಿ ಸ್ವಲ್ಪ ಕಡಿಮೆ ಇರುವವನೇ" ಎಂದಿತ್ತು. ಅದನ್ನು ಸಿಟ್ಟಿನಿಂದ ಹೇಳುವುದು ಹೇಗೆ ಎಂದು ಗಂಟೆ ಬಚ್ಚಲುಮನೆಯಲ್ಲಿ ಪ್ರಾಕ್ಟೀಸ್ ಮಾಡಿ ಮಾಡಿ ಕೊನೆಗೂ ಕಲಿತಿದ್ದಳು.

ಅಷ್ಟರಲ್ಲಿ ಸಿಂಹಾಸನ ಅವಳ ಕಾಲ ಮೇಲೆ ಬಿತ್ತು.

ಅದು ನಿಜವಾದ ಸಿಂಹಾಸನವೇನಲ್ಲ. ಹಳೇ ಕುರ್ಚಿಗೆ ಹಿಂದಿನಿಂದ ದಪ್ಪ ಹಲಗೆ ಹೊಡೆದು ಚಿನ್ನದ ಬಣ್ಣ ಬಳಿದಿದ್ದರು. ಆ ಕುರ್ಚಿಗೆ ಒಂದು ಕಾಲು ಗಿಡ್ಡ. ರಿಹರ್ಸಲ್‌ನಲ್ಲಿ ಗಂಟೆ ಎದ್ದು ನಿಂತದ್ದೇ ತಡ, ಇಡೀ ಸಿಂಹಾಸನ ವಾಲಿ ಅವಳ ಹೆಬ್ಬೆರಳಿನ ಮೇಲೆ ಕೂತಿತು. "ದರಿದ್ರ ಮುಂಡೇದು" ಎಂದು ಗಂಟೆ ಕಿರುಚಿದಳು. ಅವಳು ಕಿರುಚಿದರೆ ಕೇಳಬೇಕೇ. ಬಾಗಿಲಲ್ಲಿ ದೊಡ್ಡ ಮಿಸ್ ನಿಂತಿದ್ದರು.

ಗಂಟೆ ಸಾರಿ ಕೇಳಿದಳು, ಅತ್ತಳು, ಮತ್ತೆ ಸಾರಿ ಕೇಳಿದಳು. ಅಂಥ ಬಾಯಿಗೆ ಸ್ಟೇಜ್ ಇಲ್ಲ ಎಂದು ದೊಡ್ಡ ಮಿಸ್ ಹೇಳಿ ಹೋದರು. ರಾಜನ ಪಾತ್ರ ಇಸ್ತ್ರಿಗೆ ಹೋಯಿತು. ಇಸ್ತ್ರಿ ಯಾವಾಗಲೂ ಗರಿಗರಿ ಯೂನಿಫಾರ್ಮ್ ಹಾಕಿಕೊಂಡು ಬರುವ ಹುಡುಗ. ಒಳ್ಳೆಯವನೇ, ಆದರೆ ಸ್ಟೇಜ್ ಹತ್ತಿದರೆ ಅವನ ಗಂಟಲಲ್ಲಿ ಮಾತು ಹೂತುಹೋಗುತ್ತಿತ್ತು.

ಪಿಸುವಿಗೆ ಒಂದು ವಿಷಯ ಮಾತ್ರ ಅರ್ಥವಾಗಿರಲಿಲ್ಲ. ಆ ಮಾತನ್ನು ಅವಳಜ್ಜಿ ಉಕ್ಕಿದ ಹಾಲಿಗೆ ಹೇಳುತ್ತಾಳೆ, ಸಿಗದ ಕನ್ನಡಕಕ್ಕೆ ಹೇಳುತ್ತಾಳೆ. ಪ್ರೀತಿ ಬಂದರೆ ಪಿಸುವಿಗೇ ಹೇಳುತ್ತಾಳೆ. ಬಸ್ಸಿನ ಡ್ರೈವರ್ ಟೈರಿಗೆ ಹೇಳುತ್ತಾನೆ. ಅವರನ್ನೆಲ್ಲ ಯಾರೂ ಎಲ್ಲಿಂದಲೂ ಇಳಿಸಿರಲಿಲ್ಲ.

ಮರುದಿನ ಶಾಲೆಯ ಹಾಲ್ ತುಂಬ ಕುರ್ಚಿ ಎಳೆಯುವ ಸದ್ದು. ಅಪ್ಪ ದೊಡ್ಡ ಮಿಸ್ ಸೀರೆಯ ಅಂಚಿಗೆ ಕಾಲರ್ ಮೈಕ್ ಸಿಕ್ಕಿಸಿ, ಮೊದಲು ಮಾತಾಡುವವರು ನೀವೇ, ಆನ್ ಇರಲಿ ಮೇಡಂ ಎಂದು ಹೇಳಿದ. ಅವರು ತಲೆಯಾಡಿಸಿದರು, ಆದರೆ ಗಮನ ಬೇರೆಲ್ಲೋ ಇತ್ತು. ಆಮೇಲೆ ಅಪ್ಪ ಹೊರಗಿನ ಸ್ಪೀಕರ್ ನೋಡಲು ಹೊರಟ.

"ಇಲ್ಲಿ ಕೂತ್ಕೋ ಮಗಳೇ. ಯಾವ ಗುಂಡೀನೂ ಮುಟ್ಬೇಡ. ಕೊರಕೊರ ಅಂತ ಸದ್ದು ಬಂದ್ರೆ ನನ್ನ ಕರಿ."

ಪಿಸು ಹೆಡ್‌ಫೋನ್ ಹಾಕಿಕೊಂಡು ಹಾಲ್ ನೋಡಿದಳು. ಕೊನೆಯ ಸಾಲಿನಲ್ಲಿ ಗಂಟೆ ಕೈ ಕಟ್ಟಿ, ಮುಖ ಊದಿಸಿಕೊಂಡು ಕೂತಿದ್ದಳು. ಅವಳ ಅಮ್ಮ ನಾಟಕ ನೋಡಲೆಂದೇ ಕೆಲಸಕ್ಕೆ ರಜಾ ಹಾಕಿದ್ದರು. ಪಾತ್ರ ಹೋದದ್ದನ್ನು ಗಂಟೆ ಅವರಿಗೆ ಇನ್ನೂ ಹೇಳಿರಲಿಲ್ಲ. ಅಮ್ಮ ಎರಡನೇ ಸಾಲಿನಲ್ಲಿ ಕೂತು, ಪಕ್ಕದವರಿಗೆ ಏನೋ ಹೇಳುತ್ತ ಸ್ಟೇಜಿನ ಕಡೆ ಕೈ ತೋರಿಸುತ್ತಿದ್ದರು.

ಹೆಡ್‌ಫೋನಿನಲ್ಲಿ ಸೀರೆಯ ಸರಸರ. ದೊಡ್ಡ ಮಿಸ್ ಪರದೆಯ ಹಿಂದೆ ಹೋಗಿದ್ದರು. ಹೂಕುಂಡ ಸರಿಸಿದರು, ಯಾರಿಗೋ ಆಚೆ ಹೋಗಿ ನಿಲ್ಲಿ ಎಂದರು. ಸಿಂಹಾಸನ ಎಳೆದಂತೆ ಕರ್ರ್ ಎಂದಿತು. ಆಮೇಲೆ ಧಡ್.

"ಅಯ್ಯಯ್ಯೋ... ದರಿದ್ರ ಮುಂಡೇದು."

ಪಿಸು ಕುರ್ಚಿಯಲ್ಲೇ ನೆಟ್ಟಗಾದಳು. ಉಸ್ ಉಸ್ ಎಂಬ ಉಸಿರು ಕೇಳಿಸಿತು. ನಂತರ ತೀರಾ ಸಣ್ಣ ಧ್ವನಿಯಲ್ಲಿ ದೊಡ್ಡ ಮಿಸ್ ತಮಗೆ ತಾವೇ ಹೇಳಿಕೊಂಡರು: "ಸದ್ಯ, ಯಾರೂ ಇರ್ಲಿಲ್ಲ."

ಪಿಸುವಿನ ಕಿವಿ ಬಿಸಿಯಾಯಿತು. ಮೊದಲು ನಗು ಬಂತು. ಅದರ ಬೆನ್ನಿಗೇ ಸಿಟ್ಟು ಬಂತು. ಕೊನೆಯ ಸಾಲಿಗೆ ಓಡಿಹೋಗಿ ಗಂಟೆಗೆ ಹೇಳಿದರೆ ಸಾಕು, ಉಳಿದದ್ದನ್ನು ಗಂಟೆಯೇ ನೋಡಿಕೊಳ್ಳುತ್ತಾಳೆ. ಇಡೀ ಹಾಲ್‌ಗೆ ಡಂಗುರ. ಎರಡನೇ ಸಾಲಿನ ಅಮ್ಮನಿಗೂ.

ಅವಳು ಹೆಡ್‌ಫೋನ್ ತೆಗೆದು ಎದ್ದಳು. ಅಷ್ಟರಲ್ಲಿ ಪರದೆ ಸರಿಸಿಕೊಂಡು ದೊಡ್ಡ ಮಿಸ್ ಹೊರಗೆ ಬಂದರು. ಒಂದು ಕಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದರು. ಅವರ ಕಣ್ಣು ಪಿಸುವಿನ ಮೇಲೆ ಬಿತ್ತು, ಅವಳ ಕೈಯಲ್ಲಿದ್ದ ಹೆಡ್‌ಫೋನಿನ ಮೇಲೆ ಬಿತ್ತು. ನಡೆಯುತ್ತಿದ್ದವರು ನಿಂತರು. ಕೈ ತಾನಾಗಿ ಸೀರೆಯ ಅಂಚಿನ ಮೈಕಿಗೆ ಹೋಯಿತು.

ಅವರು ಮೆಲ್ಲಗೆ ಬಂದು ಮಿಕ್ಸರ್ ಇಟ್ಟಿದ್ದ ಟೇಬಲ್ ಹತ್ತಿರ ನಿಂತರು.

"ಇದು ಆನ್ ಇತ್ತಾ?"

"ಹೂಂ ಮಿಸ್."

"ಹಾಲ್‌ಗೆಲ್ಲ ಕೇಳಿಸ್ತಾ?"

"ಇಲ್ಲ ಮಿಸ್. ನನ್ನ ಕಿವಿಗೆ ಮಾತ್ರ."

ದೊಡ್ಡ ಮಿಸ್ ಹಣೆ ಒರೆಸಿಕೊಂಡರು. ಅತ್ತಿತ್ತ ನೋಡಿ ಇನ್ನೂ ಸಣ್ಣ ದನಿಯಲ್ಲಿ, ಏನು ಕೇಳಿಸಿತು ಎಂದು ವಿಚಾರಿಸಿದರು.

ಪಿಸು ಯೋಚಿಸಿದಳು. ಸುಳ್ಳು ಹೇಳಬಾರದು. ನಿಜ ಹೇಳೋಣವೆಂದರೆ ಮೆಟ್ಟಿಲ ಹತ್ತಿರದ ಬೋರ್ಡು.

"ಅದನ್ನ ಸ್ಕೂಲಲ್ಲಿ ಹೇಳೋ ಹಾಗಿಲ್ಲ ಮಿಸ್" ಎಂದಳು.

ಅವಳು ಚೇಷ್ಟೆಗೆ ಹೇಳಿದ್ದಲ್ಲ. ಆದರೂ ದೊಡ್ಡ ಮಿಸ್ ತುಟಿ ಒಂದು ಕಡೆಗೆ ಎಳೆದುಕೊಂಡಿತು. ನಗು ಬಂದದ್ದೋ ಕಾಲು ನೋವೋ ಗೊತ್ತಾಗಲಿಲ್ಲ. ಅವರ ಮುಖ ಕಿವಿಯವರೆಗೂ ಕೆಂಪಾಗಿತ್ತು. ದೊಡ್ಡವರ ಮುಖವೂ ಹಾಗಾಗುತ್ತದೆ ಎಂದು ಪಿಸುವಿಗೆ ಗೊತ್ತೇ ಇರಲಿಲ್ಲ. ಹಿಂದಿನ ವಾರ ಬಾಗಿಲಲ್ಲಿ ದೊಡ್ಡ ಮಿಸ್ ಅವರನ್ನು ಕಂಡಾಗ ಗಂಟೆಯ ಮುಖವೂ ಥೇಟ್ ಹೀಗೇ ಇತ್ತು.

"ತುಂಬಾ ನೋವಾಯ್ತಾ ಮಿಸ್?"

"ಹೆಬ್ಬೆರಳು ಕಣೆ. ಪ್ರಾಣ ಹೋದ ಹಾಗಾಯ್ತು."

ಪಿಸುವಿನ ಮುಂದಿನ ಮಾತು ಹೊರಗೆ ಬರಲು ಹೊತ್ತಾಯಿತು. ಬಂದಾಗಲೂ ಅದು ಎಷ್ಟು ಸಣ್ಣಗಿತ್ತೆಂದರೆ ದೊಡ್ಡ ಮಿಸ್ ಬಗ್ಗಿ ಕಿವಿ ಕೊಡಬೇಕಾಯಿತು.

"ಗಂಟೆ ಕಾಲ ಮೇಲೂ ಬಿದ್ದದ್ದು ಅದೇ ಸಿಂಹಾಸನ ಮಿಸ್. ಅದೇ ಬೆರಳಿಗೆ. ಉಗುರು ಇನ್ನೂ ನೀಲಿಯಾಗಿದೆ."

ದೊಡ್ಡ ಮಿಸ್ ನೆಟ್ಟಗಾಗಿ ಕುಂಟುತ್ತಾ ಕುರ್ಚಿಗಳ ನಡುವೆ ಹೋದರು. ಪಿಸು ತನ್ನಿಂದ ಗಂಟೆಗೆ ಇನ್ನಷ್ಟು ಬೈಗುಳ ಬಿತ್ತೇನೋ, ಅಪ್ಪನಿಗೆ ಈ ಶಾಲೆಯ ಕೆಲಸ ತಪ್ಪಿತೇನೋ ಎಂದು ಏನೇನೋ ಅಂದುಕೊಂಡಳು. ದೊಡ್ಡ ಮಿಸ್ ಕೊನೆಯ ಸಾಲಿನ ಹತ್ತಿರ ನಿಂತದ್ದು ಕಂಡಿತು. ಅವರು ಗಂಟೆಯ ಕಾಲನ್ನು ನೋಡಿದರು. ಗಂಟೆ ಚಪ್ಪಲಿಯಿಂದ ಬೆರಳು ಹೊರತೆಗೆದು ತೋರಿಸಿದಳು.

ಪಿಸುವಿಗೆ ಹೆಡ್‌ಫೋನ್ ನೆನಪಾಯಿತು. ಹಾಕಿಕೊಳ್ಳಲು ಕೈ ಎತ್ತಿದವಳು, ಏಕೋ ಬೇಡವೆನಿಸಿ ಅದನ್ನು ಟೇಬಲ್ ಮೇಲೆ ಇಟ್ಟುಬಿಟ್ಟಳು. ಅವರಿಬ್ಬರ ಮಾತು ಅವರಿಗೇ ಇರಲಿ.

ಇದ್ದಕ್ಕಿದ್ದಂತೆ ಗಂಟೆ ಕುರ್ಚಿ ಉರುಳಿಸಿಕೊಂಡು ಎದ್ದಳು. ಸ್ಟೇಜಿನ ಕಡೆ ಓಡಿದಳು. ಪರದೆಯ ಪಕ್ಕದಲ್ಲಿ ಬೆವರುತ್ತಾ ನಿಂತಿದ್ದ ಇಸ್ತ್ರಿ, ಅವಳು ಕೇಳುವ ಮೊದಲೇ ಕಿರೀಟ ತೆಗೆದು ಕೈಗೆ ಕೊಟ್ಟ. ಅವನಷ್ಟು ಸಂತೋಷದಿಂದ ರಾಜ್ಯ ಬಿಟ್ಟುಕೊಟ್ಟವರು ಇರಲಿಕ್ಕಿಲ್ಲ.

ಸಿಂಹಾಸನದ ಗಿಡ್ಡ ಕಾಲಿನ ಕೆಳಗೆ ಯಾರೋ ಮರದ ತುಂಡು ಇಟ್ಟರು. ಅಪ್ಪ ಬಂದು ಗುಂಡಿ ಜಾರಿಸಿದ. ದೊಡ್ಡ ಮಿಸ್ ಭಾಷಣ ಈ ಸಲ ಚಿಕ್ಕದಾಗಿತ್ತು. ಒಳ್ಳೆಯ ಮಾತಿನ ಬಗ್ಗೆ ಹೇಳಲು ಶುರುಮಾಡಿದವರು ನಡುವೆ ಒಮ್ಮೆ ಕೆಮ್ಮಿ, ಎಲ್ಲರಿಗೂ ಸ್ವಾಗತ ಎಂದು ಮುಗಿಸಿಬಿಟ್ಟರು.

ನಾಟಕ ಶುರುವಾಯಿತು. ಗಂಟೆ ಸಿಂಹಾಸನದ ಮೇಲೆ ನಿಂತು, "ಎಲೈ, ಬುದ್ಧಿ ಸ್ವಲ್ಪ ಕಡಿಮೆ ಇರುವವನೇ" ಎಂದು ಗುಡುಗಿದಳು. ಮಂತ್ರಿ ನಿಜಕ್ಕೂ ಬೆಚ್ಚಿಬಿದ್ದ. ಹಾಲ್ ಗೊಳ್ಳೆಂದಿತು. ಗಂಟೆಯ ಅಮ್ಮ ಪಕ್ಕದವರ ತೋಳು ಹಿಡಿದುಕೊಂಡು ನಗುತ್ತಿದ್ದರು. ಸ್ಟೇಜಿನ ಅಂಚಿನಲ್ಲಿ ದೊಡ್ಡ ಮಿಸ್ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಎಲ್ಲ ಮುಗಿದ ಮೇಲೆ ಅಂಗಳದಲ್ಲಿ ಗಂಟೆ ಪಿಸುವಿನ ಕೈ ಹಿಡಿದು ಜಗ್ಗಿದಳು. ಮುಖದ ಮೇಲೆ ಇನ್ನೂ ರಾಜನ ಮೀಸೆ ಇತ್ತು.

"ದೊಡ್ಡ ಮಿಸ್ ಬಂದು ಬೆರಳು ನೋಡಿದ್ರು, ಹೋಗಿ ಡ್ರೆಸ್ ಹಾಕ್ಕೋ ಅಂದ್ರು ಕಣೇ. ನಾನು ಅವತ್ತು ಅತ್ತೆನಲ್ಲ, ಅದು ಕೆಲಸ ಮಾಡ್ತು. ಇಸ್ತ್ರಿಗೆ ಜ್ವರ ಇರ್ಬೋದು. ಇಲ್ಲಾಂದ್ರೆ ಅಮ್ಮಂಗೆ ಹೇಗೋ ಗೊತ್ತಾಗಿ ಹೇಳಿರ್ಬೋದು. ನಿಂಗೇನನ್ಸುತ್ತೆ?"

ಪಿಸು ಅವಳ ಹೆಗಲಾಚೆ ನೋಡಿದಳು. ಆಫೀಸ್ ರೂಮಿನ ಹಿಂದಿನ ಮೆಟ್ಟಿಲ ಮೇಲೆ ದೊಡ್ಡ ಮಿಸ್ ಒಬ್ಬರೇ ಕೂತಿದ್ದರು. ಚಪ್ಪಲಿ ಬಿಚ್ಚಿ, ಪಾದವನ್ನು ಮಡಿಲಿಗೆ ಎತ್ತಿಕೊಂಡು, ಹೆಬ್ಬೆರಳನ್ನು ಊದಿ ಊದಿ ಒತ್ತಿಕೊಳ್ಳುತ್ತಿದ್ದರು. ಚಿಕ್ಕ ಹುಡುಗಿಯ ಹಾಗೆ.

ಹೇಳುವುದಾದರೆ ಒಂದೇ ಒಂದು ಮಾತು ಸಾಕಿತ್ತು. ಸಂಜೆಯೊಳಗೆ ಇಡೀ ಶಾಲೆಗೆ ಗೊತ್ತಾಗುತ್ತಿತ್ತು. ನಾಳೆ ದೊಡ್ಡ ಮಿಸ್ ಗೇಟಿನೊಳಗೆ ಬರುವಾಗ ಎಲ್ಲರೂ ಅವರತ್ತ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ಕಿಸಿಕಿಸಿ ನಗುತ್ತಿದ್ದರು. ಗಂಟೆಯನ್ನು ನೋಡಿ ಒಂದು ವಾರ ನಕ್ಕರಲ್ಲ, ಹಾಗೆ.

"ಹೇಳೇ" ಎಂದಳು ಗಂಟೆ.

"ನಿನ್ನ ಮೀಸೆ ಒಂದು ಕಡೆ ಬಿದ್ದುಹೋಗಿದೆ" ಎಂದಳು ಪಿಸು.

ಗಂಟೆ ಮೀಸೆ ಹುಡುಕುತ್ತಾ ನೆಲ ನೋಡತೊಡಗಿದಳು. ಪಿಸುವೂ ಬಗ್ಗಿ ಅವಳ ಜೊತೆ ಹುಡುಕಿದಳು. ಇದನ್ನು ಗಂಟೆಗೆ ಹೇಳುವುದಿಲ್ಲ, ಅಪ್ಪನಿಗೂ ಇಲ್ಲ, ಯಾರಿಗೂ ಇಲ್ಲ ಎಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಿದ್ದಳು.