ವಂಶವಾಚಿಯ ಎರಡನೆಯ ಉತ್ತರ

ವಂಶವಾಚಿ ಯಂತ್ರ ಹದಿನೆಂಟು ಗಾಜಿನ ತಟ್ಟೆಗಳನ್ನು ಒಂದೊಂದಾಗಿ ನುಂಗಿ, ಒಂದೊಂದಾಗಿ ಹೊರಗೆ ನೂಕಿತು. ವಿಶ್ವವಿದ್ಯಾಲಯದ ಸೂಕ್ಷ್ಮಜೀವಿಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗಳು ತಮ್ಮ ತಮ್ಮ ಮೂಗಿನಲ್ಲಿ ಹತ್ತಿಯ ಕಡ್ಡಿ ಆಡಿಸಿ, ತಟ್ಟೆಯ ಅಂಟಿನ ಮೇಲೆ ಗೆರೆ ಎಳೆದು, ಎರಡು ದಿನ ಬೆಚ್ಚಗಿಟ್ಟು ಬೆಳೆಸಿದ ಜೀವಾಣುಗಳು ಅವುಗಳಲ್ಲಿದ್ದವು. ಅಜ್ಜಂದಿರ ಕಾಲದಿಂದ ನಡೆದುಬಂದ ಪಾಠ. ಮೂಗಿನೊಳಗೆ ಇಷ್ಟು ದೊಡ್ಡ ಊರಿದೆಯೆಂದು ಹುಡುಗರು ಮುಖ ಸಿಂಡರಿಸಬೇಕು, ಆಮೇಲೆ ಕೈ ತೊಳೆಯುವುದನ್ನು ಕಲಿಯಬೇಕು. ಯಂತ್ರ ಬಂದಮೇಲೆ ಆ ಪಾಠಕ್ಕೊಂದು ಬಾಲ ಹುಟ್ಟಿಕೊಂಡಿತ್ತು.

ಜೀವಾಣು ರಕ್ತಕ್ಕಿಳಿದರೆ ಯಾವ ಮದ್ದೂ ನಾಟದ ಕಾಲ ಅದು. ಹಾಗೆ ಸತ್ತವರ ಜೀವಾಣುಗಳ ವಿವರವನ್ನೆಲ್ಲ ಸರಕಾರ ಒಂದು ಮಹಾದಾಖಲೆಯಲ್ಲಿ ಇಡುತ್ತಿತ್ತು. ವಂಶವಾಚಿಯು ಜೀವಾಣುವಿನ ಆನುವಂಶಿಕ ಬರಹವನ್ನು ಓದಿ, ಆ ದಾಖಲೆಗೆ ಹೋಲಿಸಿ, ಯಾವುದು ಯಾವುದರ ಸಂತತಿ ಎಂದು ಹೇಳುತ್ತಿತ್ತು. ರೋಗ ಹರಡುವ ದಾರಿಯನ್ನು ಕಡಿಯಲು ಕಟ್ಟಿದ ಯಂತ್ರ. ಅದು ಮನೆಮನೆಯ ಪಾಪಪುಣ್ಯವನ್ನೂ ತೂಗಲು ಕೂರುತ್ತದೆಂದು ಕಟ್ಟಿದ ಪುಣ್ಯಾತ್ಮರಿಗೆ ಹೊಳೆದಿರಲಿಲ್ಲ.

ನೀಲಾಂಬಿಕೆ ಹೂಗಾರಳ ಪರದೆಯ ಮೇಲೆ ಕೆಂಪು ಗೆರೆ ಮೂಡಿತು. ಅವಳ ಮೂಗಿನ ಜೀವಾಣುವಿಗೆ ದಾಖಲೆಯಲ್ಲಿ ಒಂದು ಸಂತತಿ ಇತ್ತು: ಗಂಡು ಕೂಸು, ವಯಸ್ಸು ಇಪ್ಪತ್ತೆರಡು ದಿನ, ರಕ್ತದ ನಂಜು. ಹೆಸರು ಬರೆದಿರಲಿಲ್ಲ, ತಾರೀಕು ಇತ್ತು. ಅಷ್ಟು ಸಾಕಾಯಿತು. ಆ ಕೂಸಿಗೆ ಹೆಸರಿಟ್ಟವಳೇ ಅವಳು.

ನಾಲ್ಕು ತಿಂಗಳ ಹಿಂದೆ, ಅಣ್ಣನ ಮಗನ ತೊಟ್ಟಿಲ ದಿನ, ಸೋದರತ್ತೆಯಾದ ಅವಳು ಬಾಗಿ ಕೂಸಿನ ಕಿವಿಗೆ ಬಾಯಿಟ್ಟು 'ಕುರ್ರ್' ಅಂದು, ಕಲ್ಮೇಶ ಎಂದು ಉಸುರಿದ್ದಳು. ಹೆಂಗಸರು ವಾಡಿಕೆಯಂತೆ ನಗುತ್ತ ಅವಳ ಬೆನ್ನಿಗೆ ಗುದ್ದಿದ್ದರು. ತೊಟ್ಟಿಲಾಗಿ ಒಂಬತ್ತನೆಯ ದಿನ ಕೂಸು ಹೋಯಿತು. ಅವ್ವ ಸೊಸೆಯ ಮೇಲೆ ಹರಿಹಾಯ್ದಳು. ಬಾಣಂತಿ ಕಿವಿಗೆ ಅರಿವೆ ಕಟ್ಟಲಿಲ್ಲ, ಹಾಲೇ ಕೆಟ್ಟದ್ದು, ಕಾಲ್ಗುಣವೇ ಸರಿಯಿಲ್ಲ. ತಾಯಿಯಿಲ್ಲದ ಅತ್ತಿಗೆ ಶಾಂಭವಿ ನವಲಗುಂದದ ಅಪ್ಪನ ಮನೆ ಸೇರಿ, ಅನ್ನ ಮುಟ್ಟುವುದನ್ನೇ ಬಿಟ್ಟಿದ್ದಳು.

"ಯಂತ್ರ ತಪ್ಪಿರಬಹುದಲ್ರಿ, ಮೇಡಂ?"

ಪಾಠ ಹೇಳುತ್ತಿದ್ದ ಡಾ. ವಾರಿಜಾ ಕಟಗೇರಿ ಆ ಯಂತ್ರ ಕಟ್ಟಿದವರಲ್ಲಿ ಒಬ್ಬರು. ಪಕ್ಕದಲ್ಲಿ ಬಂದು ಕೂತರು. "ಜೋಗುಳ ಬಾಯಿಂದ ಬಾಯಿಗೆ ಹೋಗೂವಾಗ ಒಂದೊಂದು ಮಾತು ತಪ್ಪತೈತಲ್ಲ? ಯಾರ ಹಾಡಿನಾಗ ತಪ್ಪು ಕಡಿಮಿ ಅದಾವೋ ಅವರು ಮೊದಲ ಕಲತವ್ರು. ಜೀವಾಣುನೂ ಮರಿ ಹಾಕೂವಾಗ ತನ್ನ ಬರಹ ನಕಲು ಮಾಡತೈತಿ, ಅಲ್ಲಲ್ಲೆ ತಪ್ಪತೈತಿ. ನಿನ್ನದರಾಗ ತಪ್ಪು ಕಡಿಮಿ. ಕೂಸಿನದರಾಗ ಹೆಚ್ಚು."

"ಅಂದ್ರ ನಾನೇ ಕೊಂದೆ."

"ಹಂಗನಬ್ಯಾಡವಾ. ಮೂಗಿನಾಗ ಇದನ್ನ ಇಟಗೊಂಡು ಎಷ್ಟೋ ಮಂದಿ ಆರಾಮ ತಿರಗತಾರ. ಇದು ಬರೇ ಪಾಠದ ಮಾದರಿ. ಅಳಿಸಿಬಿಡ್ಲೇನು?"

"ಬ್ಯಾಡ್ರಿ," ಅಂದಳು ನೀಲಾಂಬಿಕೆ. "ಅಲ್ಲೊಬ್ಬಾಕಿ ಸಾಯಾಕತ್ತಾಳ್ರಿ."

ಮರುದಿನವೇ ನವಲಗುಂದದ ಬಸ್ಸು ಹತ್ತಿದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅದು ಗೊತ್ತಿದ್ದೇ ಹೇಳಿದಳು. ಗೋಡೆಗೆ ಒರಗಿ ಕೂತಿದ್ದ ಶಾಂಭವಿ ಅವಳ ಕಡೆ ತಿರುಗಿದಳು.

"ಹಂಗಾರ ನಾ ಅಲ್ಲ?"

"ನೀವಲ್ಲ, ವೈನಿ."

"ನನ್ನ ಹಾಲಲ್ಲ?"

"ಅಲ್ರಿ."

ಶಾಂಭವಿ ಎದ್ದು ಬಂದು ಎರಡೂ ಮುಷ್ಟಿಯಿಂದ ನಾದಿನಿಯ ಬೆನ್ನಿಗೆ ಗುದ್ದಿದಳು, ಕೈ ಸೋಲುವವರೆಗೆ. ಆಮೇಲೆ ಅಪ್ಪನನ್ನು ಕರೆದು ರೊಟ್ಟಿ ಕೇಳಿದಳು. ತುಂಬಿದ ಬಾಯಲ್ಲೇ, "ಇನ್ನ ನಿನ್ನ ಮಾರಿ ನನಗ ತೋರಸಬ್ಯಾಡ" ಅಂದಳು. ನೀಲಾಂಬಿಕೆಗೆ ಅಳುವೂ ಬಂತು, ಸಮಾಧಾನವೂ ಆಯಿತು.

ಹೀಗೆ ಒಬ್ಬರ ಮೂಗಿನ ಜೀವಾಣು ದಾಖಲೆಗೆ ತಾಳೆಯಾದರೆ ಆ ಮನೆಯವರೆಲ್ಲರ ಮೂಗನ್ನೂ ಪರೀಕ್ಷಿಸಬೇಕೆಂಬುದು ನಿಯಮ. ಅವ್ವ, ಅಣ್ಣ, ಅತ್ತಿಗೆ, ಮೂವರ ಕಡ್ಡಿಗಳೂ ಬಂದವು. ನಾಲ್ಕನೆಯ ದಿನ ವಂಶವಾಚಿ ಎರಡನೆಯ ಉತ್ತರ ಕೊಟ್ಟಿತು. ಎಲ್ಲರಿಗಿಂತ ಕಡಿಮೆ ತಪ್ಪು ಶಾಂಭವಿಯ ಜೀವಾಣುವಿನಲ್ಲಿತ್ತು. ಅಲ್ಲಿಂದ ಒಂದು ಕವಲು ಬಸುರಿಯ ಮಗ್ಗುಲಲ್ಲಿ ಮಲಗುತ್ತಿದ್ದ ನಾದಿನಿಗೆ. ಇನ್ನೊಂದು, ನೇರವಾಗಿ, ಕೂಸಿಗೆ.

"ನೀ ಅಲ್ಲವಾ," ಎಂದರು ವಾರಿಜಾ. "ಮೊದಲನೇ ಸರತಿ ತಾಯಿ ಮೂಗಿನ ಮಾದರಿ ಇದ್ದಿದ್ದಿಲ್ಲ. ಅದಕ್ಕ ಸಿಕ್ಕವರೊಳಗ ಹಳೇದು ಯಾವದು ಅಂತ ಹೇಳಿತ್ತು. ಆತುರ ನಂದು. ತಡೀಬೇಕಾಗಿತ್ತು."

ನೀಲಾಂಬಿಕೆಯ ಎದೆ ಹಗುರಾಯಿತು. ಹಗುರಾದದ್ದಕ್ಕೆ ಮರುಕ್ಷಣವೇ ನಾಚಿಕೆಯಾಯಿತು. ನವಲಗುಂದದಲ್ಲಿ ಒಬ್ಬಳು ಆಗಷ್ಟೇ ರೊಟ್ಟಿ ತಿನ್ನತೊಡಗಿದ್ದಳು.

"ವೈನಿ ಮೂಗಿಗೆ ಜೀವಾಣು ಸಾಯೂ ಮುಲಾಮು ಹಚ್ಚಬೇಕಲ್ರಿ?"

"ಹಚ್ಚಲೇಬೇಕು. ಮೂಗಿನಾಗಿದ್ದಾಗ ತೊಳೀಬಹುದು. ಇಲ್ಲಂದ್ರ ಮುಂದಿನ ಕೂಸಿಗೂ ಗಂಡಾಂತರ."

"ಮನಿ ಮಂದಿಯೆಲ್ಲಾ ಹಚಗೋಬೇಕು ಅಂತ ಬರದು ಕೊಡ್ರಿ. ಯಾರಿಂದ ಅಂತ ಬರೀಬ್ಯಾಡ್ರಿ. ಮಂದಿ ಬಾಯಾಗ ನನ್ನ ಹೆಸರ ಇರಲಿ."

"ಮೂವತ್ತು ವರ್ಷ ಖರೇ ಇದ್ದದ್ದನ್ನ ಬರೀರಿ ಅಂತ ಕಲಿಸೇನಿ," ಎಂದರು ವಾರಿಜಾ. ಆದರೂ ಪೆನ್ನು ತೆಗೆದು ಅವಳು ಹೇಳಿದಷ್ಟೇ ಬರೆದುಕೊಟ್ಟರು.

ಶಾಂಭವಿ ಗಂಡನ ಮನೆಗೆ ಮರಳಿದಳು. ಅವ್ವನ ಶಾಪ ಈಗ ಮಗಳ ಕಡೆ ತಿರುಗಿತ್ತು. ನೀಲಾಂಬಿಕೆ ಹಾಸ್ಟೆಲ್ ಸೇರಿದಳು. ಬಾಣಂತಿ ಇರುವ ಮನೆಯವರು ಅವಳನ್ನು ಕಂಡು ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಮರುವರ್ಷ ಒಂದು ಮಧ್ಯಾಹ್ನ ಅಣ್ಣ ಫೋನು ಮಾಡಿದ.

"ಶಾಂಭವಿಗೆ ಐದು ತಿಂಗಳು. ನೀ ಬರಬ್ಯಾಡ ಅಂತ ಹೇಳು ಅಂದ್ಲು."

"ಬರೂದಿಲ್ಲಣ್ಣ. ಮುಲಾಮು ಹಚಗೋತಾಳ?"

"ಒಂದಿನ ತಪ್ಪಸೂದಿಲ್ಲ. ನಿನ್ನ ಹೆಸರು ತಗೊಂಡು ಬೈಕೋತ ಬೈಕೋತ ಹಚಗೋತಾಳ."

"ಬೈಲಿ," ಎಂದಳು ನೀಲಾಂಬಿಕೆ. "ಹಡಿಯೂ ತನಕ ಬಿಡಬ್ಯಾಡ ಅಂತ ಹೇಳು."