ಎಂಟು ಗಂಟೆಯ ಫೋನ್

ಗಂಡನ ಉತ್ತರಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ. ಒಲೆಯ ಮೇಲೆ ಹಾಲಿಟ್ಟು ನಿಂತವಳಿಗೆ ಎಡಗಡೆಯ ಬಾಗಿಲ ಬಳಿ ಯಾರೋ ಬಂದು ನಿಂತ ಹಾಗಾಯಿತು.

ತಿರುಗಿದಳು. ಯಾರೂ ಇರಲಿಲ್ಲ. ನೆರಳು ಮಾತ್ರ ಅವಳ ಜೊತೆಗೇ ತಿರುಗಿತು.

ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದಳು. ಎಡಗಣ್ಣಿನ ಅಂಚಿನಲ್ಲಿ ಕಪ್ಪು ಪರದೆಯೊಂದು ಇಳಿಬಿದ್ದಿತ್ತು. ಅದರ ಪಕ್ಕದಲ್ಲಿ ಆಗಾಗ ಬಿಳಿ ಮಿಂಚು.

ಅವಳಿಗೆ ಅಳು ಬರಲಿಲ್ಲ. ಹದಿನೈದು ದಿನದಿಂದಲೂ ಬಂದಿರಲಿಲ್ಲ. ಹಾಲಿನ ಒಲೆ ಆರಿಸಿದಳು, ಅಷ್ಟೆ.

ಇಂಥದ್ದೊಂದು ದಿನ ಬರಬಹುದೆಂದು ಕಣ್ಣಿನ ಡಾಕ್ಟರು ಮೊದಲೇ ಹೇಳಿದ್ದರು. "ಪರದೆ ಕಂಡ್ರೆ ಅವತ್ತೇ ಬನ್ನಿ. ನಾಳೆ ಅನ್ಬೇಡಿ." ದಪ್ಪ ಕನ್ನಡಕದ ಕಣ್ಣು, ಒಳಪದರ ತೆಳುವಾಗಿದೆ, ಹರಿದರೆ ತಡಮಾಡುವಂತಿಲ್ಲ ಎಂದಿದ್ದರು. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಅವಳ ಎರಡೂ ಕಿವಿ ಹೋಗಿದ್ದವು. ಅಂದಿನಿಂದ ಕಿವಿಯ ಕೆಲಸವನ್ನೂ ಕಣ್ಣೇ ಮಾಡುತ್ತಿತ್ತು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಹಾಗೆಯೇ ಓದಿ ಎಂ.ಎ. ಮುಗಿಸಿ, ಪ್ರೆಸ್ಸೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದಳು.

ಅಡುಗೆಮನೆಯ ಮೊಳೆಗೆ ಕೆಂಪು ಚೌಕಟ್ಟಿನ ಸ್ಲೇಟೊಂದು ತೂಗಿತ್ತು. ಅದರ ಮೇಲೆ ಅವನ ಕೊನೆಯ ಅಕ್ಷರಗಳು: *ಗುರುವಾರ ಎಂಟಕ್ಕೆ ಕಣ್ಣಿನ ಡಾಕ್ಟರಿಗೆ ಫೋನ್. ನೆನಪಿಸು ಮೇಡಂ.*

ಅದು ಎರಡು ವಾರದ ಹಿಂದಿನ ಗುರುವಾರದ ಮಾತು. ಅದರ ಹಿಂದಿನ ದಿನ, ಬುಧವಾರ ಸಂಜೆ, ಕೆಲಸದ ಜಾಗದಲ್ಲೇ, ಅವನ ಎದೆ ನಿಂತುಹೋಗಿತ್ತು. ಈ ಹದಿನೈದು ದಿನವೂ ಸ್ಲೇಟನ್ನು ಒರೆಸಲು ಅವಳು ಯಾರಿಗೂ ಬಿಟ್ಟಿರಲಿಲ್ಲ.

ಇವತ್ತೂ ಗುರುವಾರ. ಗಡಿಯಾರದಲ್ಲಿ ಎಂಟಕ್ಕೆ ಹತ್ತು ನಿಮಿಷ ಬಾಕಿ.

ಆ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಫೋನಿನಲ್ಲಿ ಮಾತ್ರ. ಎಂಟಕ್ಕೆ ಶುರು, ಎಂಟೂವರೆಗೆ ಮುಗಿಯಿತು. ನೇರ ಹೋದರೆ ಕಿಟಕಿಯಿಂದಲೇ ವಾಪಸ್. ಅವಳ ಪರವಾಗಿ ಜಗತ್ತಿನ ಎಲ್ಲ ಫೋನುಗಳನ್ನೂ ಅವನೇ ಮಾಡುತ್ತಿದ್ದ. ಗ್ಯಾಸಿನವರು, ಬ್ಯಾಂಕಿನವರು, ಅವಳ ಅಮ್ಮ, ಯಾರೇ ಆಗಲಿ, ಅವಳ ಎದುರಿಗೇ ಕೂತು, ಅವಳಿಗೆ ತುಟಿ ಕಾಣುವ ಹಾಗೆ ಮಾತಾಡುತ್ತಿದ್ದ. ಈ ಕ್ಲಿನಿಕ್ಕಿಗೆ ಮಾಡುವ ಫೋನಿಗೆ ಮಾತ್ರ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಭುಜ ಕುಣಿಯುತ್ತಿತ್ತು. ನಗುತ್ತಿದ್ದ.

"ಅಷ್ಟೊಂದು ನಗು ಬರೋ ಹಾಗೆ ಆ ಹುಡುಗಿ ಏನು ಹೇಳ್ತಾಳೆ?" ಎಂದು ಒಮ್ಮೆ ಕೇಳಿದ್ದಳು.

"ಹೊಟ್ಟೆಕಿಚ್ಚಾ ಮೇಡಂ?" ಎಂದು ಅವನು ಅವಳ ಮೂಗು ಹಿಂಡಿದ್ದ. ಉತ್ತರ ಮಾತ್ರ ಹೇಳಿರಲಿಲ್ಲ. ಆ ಬೆನ್ನು ಅವಳ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಅತ್ತೆಯನ್ನು ಎಬ್ಬಿಸಿದಳು. ಅತ್ತೆ ಮಂಚದ ಮೇಲೆ ಕೂತು ಮಗನ ಫೋನನ್ನು ಕಿವಿಗಿಟ್ಟುಕೊಂಡರು. ಅವಳು ಎದುರಿಗೆ ಮಂಡಿಯೂರಿ ಅವರ ತುಟಿಗಳನ್ನೇ ನೋಡಿದಳು.

"ಎಂಗೇಜ್ ಕಣೇ."

ಎಂಟು ಗಂಟೆ ಐದು ನಿಮಿಷ. "ಎಂಗೇಜ್."

ಹನ್ನೊಂದು. "ಇನ್ನೂ ಎಂಗೇಜ್. ಹಾಳಾದ್ದು."

ಹದಿನೇಳಕ್ಕೆ ಅತ್ತೆಯ ಬೆನ್ನು ನೆಟ್ಟಗಾಯಿತು. "ಹಲೋ... ನಮ್ಮ ಸೊಸೆಗೆ ಕಣ್ಣು ಕಾಣ್ತಿಲ್ಲಮ್ಮ... ಅವಳೇ ಮಾತಾಡ್ಬೇಕಾ? ಅವಳಿಗೆ ಕಿವಿ ಕೇಳಲ್ಲ ತಾಯಿ, ನನ್ನ ಮಗ ಮಾಡ್ತಿದ್ದ, ಅವನು..." ಅಲ್ಲಿಗೆ ಅತ್ತೆಯ ತುಟಿ ನಡುಗಿತು. ನಡುಗುವ ತುಟಿಯನ್ನು ಓದಲಾಗುವುದಿಲ್ಲ.

ಫೋನು ಮಡಿಲಿಗೆ ಬಿತ್ತು. "ಕಟ್ ಮಾಡಿದ್ಲು. ಎಲ್ಲರೂ ಇಂಥದ್ದೇ ಕಥೆ ಹೇಳ್ತಾರಂತೆ. ನಾನು ಅಳಬಾರದಿತ್ತು ಮಗಳೇ. ಅತ್ತು ಕೆಡಿಸಿದೆ."

"ನಾನೇ ಹೋಗ್ತೀನಿ ಅತ್ತೆ."

"ಒಬ್ಬಳೇ?"

ಅವಳು ಆಗಲೇ ಫೈಲನ್ನು ಚೀಲಕ್ಕೆ ಹಾಕಿದ್ದಳು. ಒಂದು ಕ್ಷಣ ನಿಂತು, ಸ್ಲೇಟನ್ನೂ ಮೊಳೆಯಿಂದ ಬಿಡಿಸಿ, ಬರಹ ಅಳಿಸದಂತೆ ಟವೆಲಿನಲ್ಲಿ ಸುತ್ತಿಕೊಂಡಳು. ಕಣ್ಣಿಗೆ ಡ್ರಾಪ್ಸ್ ಹಾಕಿದರೆ ತುಟಿಗಳು ಮಂಜಾಗುತ್ತವೆ. ಆಗ ಓದಲಾಗುವುದು ಸ್ಲೇಟಿನ ಮೇಲಿನ ದೊಡ್ಡ ಅಕ್ಷರ ಮಾತ್ರ. ಹಿಂದೊಮ್ಮೆ ಇದೇ ತೊಂದರೆಯಾಗಿ ಅವನು ಕ್ಲಿನಿಕ್ಕಿನಿಂದಲೇ ಈ ಸ್ಲೇಟನ್ನು ಎರವಲು ತಂದಿದ್ದ. ನಾಳೆ ಕೊಡ್ತೀನಿ ಎಂದವನು ಮೂರು ವರ್ಷವಾದರೂ ಕೊಟ್ಟಿರಲಿಲ್ಲ.

ಆಟೋದಲ್ಲಿ ಕೂತಾಗ ಪರದೆ ಇನ್ನಷ್ಟು ಸರಿದಿತ್ತು. ರಸ್ತೆಯ ಎಡಬದಿಯ ಅಂಗಡಿಗಳೇ ಇರಲಿಲ್ಲ.

ಅವನನ್ನು ಮೊದಲು ನೋಡಿದ್ದು ನೆನಪಾಯಿತು. ಪ್ರೆಸ್ಸಿನ ಹಳೆಯ ಜಾಲರಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತ್ತು, ಒಳಗೆ ಅವಳೊಬ್ಬಳೇ ಇದ್ದಳು. ಅವನು ಲಿಫ್ಟ್ ಮೆಕ್ಯಾನಿಕ್. ಮೇಲಿನಿಂದ ಏನೇನೋ ಕೂಗಿ, ಉತ್ತರ ಬಾರದೆ ಸುಸ್ತಾಗಿ, ಕೊನೆಗೆ ಜಾಲರಿಯ ಬಳಿ ಬೋರಲು ಮಲಗಿ ಮುಖ ಇಳಿಸಿದ್ದ. ತಲೆಕೆಳಗಾದ ತುಟಿಗಳು ಹೇಳಿದ್ದು: "ಕೋಪ ಬಂದಿದ್ರೆ ಬೈದುಬಿಡಿ ಮೇಡಂ. ಸುಮ್ನಿರಬೇಡಿ, ಭಯ ಆಗುತ್ತೆ."

"ಕಿವಿ ಕೇಳಲ್ಲ," ಎಂದಿದ್ದಳು. "ತುಟಿ ಕಾಣ್ಬೇಕು."

ಅವನ ಕೆನ್ನೆ ಕೆಂಪಾಗಿತ್ತು. ಆಮೇಲೆ ಲಿಫ್ಟು ಸರಿಯಾದ ಮೇಲೂ ವಾರಕ್ಕೆ ಎರಡು ಸಲ ರಿಪೇರಿಗೆ ಬರುತ್ತಿದ್ದ.

ಪ್ರತಿ ಸಲ ಅವಳನ್ನು ಒಳಗೆ ಬೆಂಚಿನಲ್ಲಿ ಕೂರಿಸಿ ಕ್ಲಿನಿಕ್ಕಿನ ಕಿಟಕಿಗೆ ಅವನೊಬ್ಬನೇ ಹೋಗುತ್ತಿದ್ದ. ಕಿಟಕಿಯಲ್ಲಿದ್ದ ಹೆಂಗಸು ಮಾಸ್ಕ್ ಹಾಕಿದ್ದಳು. ಬಿಳಿ ಬಟ್ಟೆ ಉಬ್ಬಿತು, ಇಳಿಯಿತು. ಒಂದಕ್ಷರವೂ ಕಾಣಲಿಲ್ಲ.

"ಮಾಸ್ಕ್ ಇಳಿಸಿ ಮಾತಾಡಿ, ನಂಗೆ ಕೇಳಲ್ಲ. ಕಣ್ಣಿಗೆ ಪರದೆ ಬಂದಿದೆ. ಇವತ್ತೇ ನೋಡ್ಬೇಕು."

ಹೆಂಗಸು ಬೆರಳು ಮಾಡಿ ಬೋರ್ಡು ತೋರಿಸಿದಳು: *ಇಲ್ಲಿ ಅಪಾಯಿಂಟ್‌ಮೆಂಟ್ ಕೊಡಲಾಗುವುದಿಲ್ಲ. ರೋಗಿಯೇ ಫೋನ್ ಮಾಡತಕ್ಕದ್ದು.*

ಹಿಂದಿನಿಂದ ಯಾರೋ ಭುಜಕ್ಕೆ ತಟ್ಟಿದರು. ಅವಳು ಕದಲಲಿಲ್ಲ. ಫೈಲನ್ನು ಕಿಟಕಿಯೊಳಗೆ ತಳ್ಳಿದಳು. ಹೆಂಗಸು ಅದರ ಮೇಲಿನ ನಂಬರು ನೋಡಿದಳು, ಮತ್ತೆ ಇವಳನ್ನು ನೋಡಿದಳು. ಸಿಟ್ಟಿನಿಂದ ಮಾಸ್ಕನ್ನು ಗಲ್ಲಕ್ಕೆ ಎಳೆದಳು. ಈಗ ತುಟಿ ಕಂಡಿತು.

"ಯಾರ ಫೈಲ್ ತಂದಿದೀರ? ಇವ್ರು ನಂಗೆ ಗೊತ್ತು. ಮೂರು ವರ್ಷದಿಂದ ಫೋನಲ್ಲಿ ಮಾತಾಡ್ತೀನಿ. ಇವ್ರಿಗೆ ಕಿವಿ ಚೆನ್ನಾಗೇ ಕೇಳುತ್ತೆ!"

"ನಾನು ಯಾವತ್ತೂ ಫೋನ್ ಮಾಡಿಲ್ಲ."

"ಅದೇ ನಾನು ಹೇಳ್ತಿರೋದು. ಅವ್ರು ಬೇರೆ. ಸಣ್ಣ ದನಿ. ಸ್ವಲ್ಪ ಕೀಚಲು. ಮಾತು ಮಾತಿಗೂ ನಗ್ತಾರೆ."

ಕುಣಿಯುವ ಭುಜಗಳು. ತಿರುಗಿಸಿದ ಬೆನ್ನು. ರೋಗಿಯೇ ಮಾತಾಡಬೇಕು ಎಂಬ ನಿಯಮ.

ಅವಳು ಟವೆಲು ಬಿಚ್ಚಿ ಸ್ಲೇಟನ್ನು ಗಾಜಿಗೆ ಆನಿಸಿ ಹಿಡಿದಳು.

ಹೆಂಗಸು ಬಗ್ಗಿ ನೋಡಿದಳು. "ಇದು ನಮ್ಮದೇ. ಮೂಲೆ ಒಡೆದಿರೋದು. ಅವರ ಯಜಮಾನ್ರಿಗೆ ಕೊಟ್ಟಿದ್ದೆ. ಹೆಂಡ್ತಿಗೆ ತಮ್ಮ ದನಿ ಕೇಳಿ ಕೇಳಿ ಬೇಜಾರಾಗಿದೆ, ಬರೆದು ತೋರಿಸ್ತೀನಿ ಅಂದಿದ್ರು..." ಆ ತುಟಿಗಳು ತೆರೆದೇ ಉಳಿದವು. "ಅಯ್ಯೋ. ಫೋನಲ್ಲಿ ಇದ್ದಿದ್ದು ಅವರೇನಾ?"

ಅವಳು ತಲೆಯಾಡಿಸಿದಳು.

"ಎಲ್ಲಿ ಅವರು? ಬರಲಿ ಈಚೆಗೆ, ಮಾಡ್ತೀನಿ! ಕರೀರಿ!"

"ಇಲ್ಲ," ಎಂದಳು. ಆಮೇಲೆ, ಹದಿನೈದು ದಿನದಲ್ಲಿ ಮೊದಲ ಬಾರಿಗೆ, ಉಳಿದದ್ದನ್ನೂ ಹೇಳಿದಳು. "ಹೋಗ್ಬಿಟ್ರು."

ಹೆಂಗಸು ಒಳಗೆ ಓಡಿದಳು. ಅರ್ಧ ನಿಮಿಷದಲ್ಲಿ ಪಕ್ಕದ ಬಾಗಿಲು ತೆರೆಯಿತು.

ಡ್ರಾಪ್ಸ್ ಹಾಕಿ ಕೂರಿಸಿದರು. ಜಗತ್ತು ಕರಗಿತು. ಹೆಂಗಸು ಪಕ್ಕದಲ್ಲಿ ಕೂತಳು. ಸ್ಲೇಟನ್ನು ಒರೆಸಹೋದಾಗ ಇವಳು ಕೈ ಹಿಡಿದಳು. ಹೆಂಗಸು ಸ್ಲೇಟನ್ನು ತಿರುಗಿಸಿ, ಹಿಂಬದಿಯಲ್ಲಿ ದಪ್ಪಗೆ ಬರೆದಳು: *ಒಳಪದರ ಹರಿದಿದೆ. ಮಧ್ಯಾಹ್ನವೇ ಆಪರೇಷನ್. ಕಣ್ಣು ಉಳಿಯುತ್ತೆ ಅಂತಾರೆ.*

ಅವಳು ಉಸಿರು ಬಿಟ್ಟಳು. ಆಮೇಲೆ ಕೇಳಿದಳು, "ನಾನು ಏನು ಹೇಳ್ತಿದ್ದೆ? ಫೋನಲ್ಲಿ?"

ಹೆಂಗಸು ಬರೆದಳು, ಒರೆಸಿದಳು, ಮತ್ತೆ ಬರೆದಳು.

*ನಮ್ಮೆಜಮಾನ್ರು ಶುದ್ಧ ಪೆದ್ದು, ಆದ್ರೂ ಇಟ್ಕೊಂಡಿದೀನಿ ಅಂತಿದ್ರಿ.*

*ಒಂದ್ಸಲ ನಾನೇ ಕೇಳಿದೆ. ಪ್ರತಿ ಸಲ ಅವರೂ ಯಾಕೆ ರಜೆ ಹಾಕಿ ಬರ್ತಾರೆ ಅಂತ.*

"ಏನಂದೆ?"

ಬಳಪ ತಡವರಿಸಿತು. *ನಾನು ಅವರ ಮುಖಾನೇ ನೋಡ್ತಾ ಮಾತು ಕೇಳ್ತೀನಲ್ಲ, ಅವರಿಗೆ ಅದು ಅಭ್ಯಾಸ ಆಗ್ಬಿಟ್ಟಿದೆ. ಬೇರೆ ಯಾರೂ ಅವರನ್ನ ಹಾಗೆ ನೋಡಿಲ್ಲ. ನಾನು ನೋಡದೇ ಇದ್ರೆ ಅವರಿಗೆ ಮಾತೇ ಬರಲ್ಲ.*

ಅವಳು ಅದನ್ನು ಎರಡು ಸಲ ಓದಿದಳು. ಮೂರನೆಯ ಸಲ ಓದಲಾಗಲಿಲ್ಲ. ಡ್ರಾಪ್ಸ್ ಕಾರಣವಲ್ಲ.

ಆರು ವಾರದ ಮೇಲೆ ಅವಳು ಮತ್ತೆ ಕಿಟಕಿಯ ಮುಂದೆ ನಿಂತಳು. ಎಡಗಣ್ಣು ಇನ್ನೂ ತುಸು ಕೆಂಪಗಿತ್ತು. ಆದರೆ ಬೋರ್ಡಿನ ಕೊನೆಯ ಸಾಲು ಓದಲಾಗುತ್ತಿತ್ತು. ಅಲ್ಲಿ ಹೊಸ ಬಣ್ಣದಲ್ಲಿ ಬರೆದಿತ್ತು: *ಫೋನಿನಲ್ಲಿ ಮಾತಾಡಲು ಕಷ್ಟವಿದ್ದವರು ಈ ನಂಬರಿಗೆ ಮೆಸೇಜ್ ಮಾಡಿ.*

ಹೆಂಗಸು ತಾನಾಗಿಯೇ ಮಾಸ್ಕ್ ಇಳಿಸಿದಳು. "ಡಾಕ್ಟ್ರ ಜೊತೆ ಜಗಳ ಆಡಿ ಬರೆಸಿದ್ದು. ನಿಮ್ಮ ಮೆಸೇಜ್ ಬಂತು. ಹತ್ತೂಕಾಲಕ್ಕೆ ನೀವೇ."

ಅವಳು ಚೀಲದಿಂದ ಸ್ಲೇಟು ತೆಗೆದಳು. "ಇದು ನಿಮ್ಮದು. ಅವರು ನಾಳೆ ಕೊಡ್ತೀನಿ ಅಂದಿದ್ರು."

"ಇಟ್ಕೊಳ್ಳಿ, ಪರವಾಗಿಲ್ಲ."

ಅವಳು ಬೆಂಚಿನ ಕಡೆ ನೋಡಿದಳು. ಡ್ರಾಪ್ಸ್ ಹಾಕಿಸಿಕೊಂಡ ಮುದುಕರೊಬ್ಬರು ಕಿವಿಗೆ ಕೈಯಡ್ಡ ಹಿಡಿದು ನರ್ಸಿನತ್ತ ಬಾಗಿದ್ದರು. ನರ್ಸು ಕೂಗಿ ಕೂಗಿ ಕೆಂಪಾಗಿದ್ದಳು.

"ಅವರಿಗೆ ಬೇಕು," ಎಂದಳು.

ಸ್ಲೇಟನ್ನು ಕಿಟಕಿಯೊಳಗೆ ತಳ್ಳುವ ಮುನ್ನ ಬಳಪ ಕೇಳಿ ಇಸಿದುಕೊಂಡಳು. *ನೆನಪಿಸು ಮೇಡಂ* ಎಂಬುದರ ಕೆಳಗೆ, ಕರಡು ತಿದ್ದುವವರ ಸಣ್ಣ ಅಕ್ಷರದಲ್ಲಿ, ಬರೆದಳು: *ಆಯಿತು ರೀ. ಬಂದಿದ್ದೇನೆ.*

ಹೆಂಗಸು ಬಟ್ಟೆ ಕೈಗೆತ್ತಿಕೊಂಡು ಅವಳ ಮುಖ ನೋಡಿದಳು. "ಒರೆಸಲಾ?"

"ಒರೆಸಿ," ಎಂದು, ಅವಳು ಬೆನ್ನು ತಿರುಗಿಸಿ ನಿಂತಳು.