ಫೋನ್ ಚಾಲೂ ಇಡು, ನೇತ್ರಾ

“ತಲಿ ಎತ್ತವ್ವ ಸ್ವಲ್ಪ… ಹುಡುಗಗ ನಿನ್ನ ಮಾರೀನ ಕಾಣವಲ್ದು!”

ನೇತ್ರಾವತಿ ತಲೆ ಎತ್ತಿದಳು. ಎದುರಿಗೆ ಹುಡುಗ ಇರಲಿಲ್ಲ. ಸಿದ್ದಾಪುರದಿಂದ ಬಂದಿದ್ದ ಪಕ್ಕೀರವ್ವ ಎರಡೂ ಕೈಯಲ್ಲಿ ಮೊಬೈಲ್ ಹಿಡಿದು ಅವಳ ಮುಖದ ಹತ್ತಿರ ತಂದಿದ್ದಳು. ಅದರೊಳಗಿದ್ದವನು ಪಕ್ಕೀರವ್ವನ ಮಗ ಹನುಮೇಶ.

ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಮಷಿನ್ ತಯಾರಿಸುವ ಒಂದು ಕಂಪನಿಯಲ್ಲಿ ಅವನು ಫಿಟ್ಟರ್. ತಾಂಜಾನಿಯಾದ ಹೊಸ ಗಿರಣಿಯೊಂದಕ್ಕೆ ಮಷಿನ್ ಜೋಡಿಸಿಕೊಡಲು ಕಂಪನಿ ಅವನನ್ನು ಮೂರು ತಿಂಗಳಿಗೆಂದು ಕಳಿಸಿತ್ತು. ಹುಡುಗ ಬರುವ ತನಕ ಕಾಯುವುದೇಕೆ, ವಿಡಿಯೋ ಕಾಲ್ ಇದೆಯಲ್ಲ ಎಂದು ಇರಕಲ್ಲಗಡದ ಕಾಳಪ್ಪನ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಫೋನಿನಲ್ಲೇ ನಡೆಯುತ್ತಿತ್ತು.

ರೂಢಿಯಂತೆ ಚಹಾದ ತಾಟು ಹಿಡಿದು ಬಂದಿದ್ದ ನೇತ್ರಾವತಿಗೆ ಅದನ್ನು ಯಾರಿಗೆ ಕೊಡಬೇಕೋ ತಿಳಿಯಲಿಲ್ಲ.

ಹನುಮೇಶನ ಹುಬ್ಬಿನ ಮೇಲೆಲ್ಲ ತೌಡಿನ ಧೂಳು. ಏನೋ ಹೇಳಲು ಬಾಯಿ ತೆರೆದ… ಅಷ್ಟರಲ್ಲಿ ಚಿತ್ರ ನಿಂತುಬಿಟ್ಟಿತು. ಅವನ ಎರಡು ಕಣ್ಣು ಮಾತ್ರ ಅವಳನ್ನೇ ನೋಡುತ್ತ ಹಾಗೇ ಉಳಿದವು. ಅವಳೂ ಕಣ್ಣು ತೆಗೆಯಲಿಲ್ಲ.

“ಕೇಳಾಕತ್ತೈತೇನ್ರಿ?” ಅವನ ದನಿ ತಟ್ಟನೆ ಬಂತು.

“ಕೇಳಾಕತ್ತೈತ್ರಿ…”

ಅಷ್ಟೇ ಮಾತು! ಆದರೂ ಒಳಗೆ ಹೋದಾಗ ಚಹಾದ ತಾಟು ಇನ್ನೂ ಅವಳ ಕೈಯಲ್ಲೇ ಇತ್ತು.

ಮುಂದಿನ ವಾರವೇ ನಿಶ್ಚಯವಾಯಿತು. ಫೋನನ್ನು ತುಂಬಿದ ಕೊಡಕ್ಕೆ ಒರಗಿಸಿ ನಿಲ್ಲಿಸಿದರು. ಮಗ ಅದರೊಳಗಿಂದ ನೋಡುತ್ತಿರುವಾಗ ಉಂಗುರ ತೊಡಿಸಿದವಳು ಪಕ್ಕೀರವ್ವ.

“ಎಂಥಾ ಅನುಕೂಲ ನೋಡ್ರಿ!” ಎಂದರು ಬಂದವರೆಲ್ಲ. “ಮೊದ್ಲ ಪರದೇಶಕ್ಕ ಹೋದಾಂವನ ಒಂದು ಪತ್ರಕ್ಕ ತಿಂಗಳಗಟ್ಟಲೆ ಕಾಯಬೇಕಿತ್ತು. ಈಗ ನೆಟ್ ಇದ್ರ ಸಾಕು, ಮನ್ಯಾಗ ಕುಂತಂಗ!”

ಮೊದಲ ತಿಂಗಳು ನಿಜವಾಗಿಯೂ ಹಾಗೇ ಇತ್ತು. ಅವನ ಊರಿನ ಗಡಿಯಾರ ಇಲ್ಲಿಗಿಂತ ಎರಡೂವರೆ ತಾಸು ಹಿಂದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಫೋನ್ ಮಾಡಿ, ಅಲ್ಲಿನವರು ತಿನ್ನುವ ಬಿಳಿ ಗೋವಿನಜೋಳದ ಮುದ್ದೆ ತೋರಿಸಿ, “ನಮ್ಮ ರೊಟ್ಟಿ ಮುಂದ ಇದೇನೂ ಅಲ್ಲ” ಎಂದು ಮುಖ ಕಿವುಚುತ್ತಿದ್ದ. ಅವಳು ನಗುತ್ತಿದ್ದಳು. ಸಂಜೆಯಾಗುತ್ತಲೇ ನಾಳೆ ಮಧ್ಯಾಹ್ನ ಯಾವಾಗ ಬಂದೀತು ಎಂದು ಮನಸ್ಸು ಕಾಯತೊಡಗಿತು.

ಆದರೆ ಆ ಅನುಕೂಲವೇ ಮೆಲ್ಲಗೆ ಅವಳ ಬಾಗಿಲು ಹಾಕತೊಡಗಿತು.

ನೇತ್ರಾವತಿ ಊರಿನ ರಾಜಾಬೀಯ ಆನ್‌ಲೈನ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ಪಿಂಚಣಿ, ಪಹಣಿ, ಆಧಾರ್ ಎಂದು ಬಂದವರ ಅರ್ಜಿಗಳನ್ನು ತುಂಬುವವಳು ಅವಳೇ. ಒಂದು ದಿನ ಅಪ್ಪ ಕಾಳಪ್ಪ ಚಪ್ಪಲಿ ಮೆಟ್ಟುತ್ತಿದ್ದ ಮಗಳನ್ನು ತಡೆದ.

“ಇನ್ನ ಕೆಲ್ಸಕ್ಕ ಹೋಗೂದು ಬ್ಯಾಡ ನೇತ್ರಾ. ಅವರು ಫೋನ್ ಮಾಡಿದಾಗ ನೀ ಮಂದ್ಯಾಗ ಕುಂತಿರ್ತಿ. ಬೀಗತಿ ಬ್ಯಾಸರ ಮಾಡ್ಕೊಂಡಾರು.”

“ಅಪ್ಪಾ, ಅವರು ಹಂಗ ಅಂದಿಲ್ಲ…”

“ಅನ್ನೂತನಕ ಕಾಯಬೇಕೇನು?”

ಚಪ್ಪಲಿ ಮತ್ತೆ ಮೂಲೆ ಸೇರಿದವು.

ಮೂರು ತಿಂಗಳು ಮುಗಿದವು. ಹನುಮೇಶ ಬರಲಿಲ್ಲ. “ಸ್ವಲ್ಪ ಕೆಲ್ಸ ಉಳದೈತಿ” ಎಂದ. ಆಮೇಲೆ ಅವನ ಕರೆಗಳು ಬದಲಾದವು. ದಿನಕ್ಕೆ ಒಂದಿದ್ದದ್ದು ಮೂರಾಯಿತು. ಮೂರು ಎಂಟಾಯಿತು.

“ಎಲ್ಲಿ ಅದಿ?”

“ಮನ್ಯಾಗರಿ.”

“ಏನ್ ಮಾಡಾಕತ್ತಿ?”

“ರೊಟ್ಟಿ ಬಡ್ಯಾಕತ್ತೀನಿ.”

“ಫೋನ್ ಚಾಲೂ ಇಡು, ನೇತ್ರಾ. ಮಾತಾಡಬ್ಯಾಡ. ಅಲ್ಲೇ ಬಾಜೂಕ ಇಟ್ಟು ನಿನ್ನ ಕೆಲ್ಸ ಮಾಡು.”

ಅವಳು ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಇಡುತ್ತಿದ್ದಳು. ರೊಟ್ಟಿ ಬಡಿದರೂ, ಕಸ ಹೊಡೆದರೂ, ತಲೆ ಬಾಚಿಕೊಂಡರೂ ಅದು ಚಾಲೂ. ಒಮ್ಮೆ ಕಟ್ಟಾಗಿ ಹತ್ತು ನಿಮಿಷ ಎತ್ತದಿದ್ದರೆ ಸಿದ್ದಾಪುರದಿಂದ ಪಕ್ಕೀರವ್ವನ ಫೋನು! “ಯಾಕವ್ವ, ನಮ್ಮ ಹನುಮ್ಯಾನ ಫೋನ್ ಎತ್ತಲಿಲ್ಲಂತ?”

ಬಚ್ಚಲಿಗೆ ಹೋದರೂ ಮೈಯೆಲ್ಲ ಕಿವಿಯಾಗಿರುತ್ತಿತ್ತು.

‘ಏಳು ಸಮುದ್ರದ ಆಚಿ ಕುಂತು ನನ್ನ ಕಾಯಾಕತ್ತಾನ… ಇನ್ನ ಮದುವಿ ಆದಮ್ಯಾಲ ಉಸಿರಾಡಾಕರೆ ಬಿಟ್ಟಾನ?’

ಬೆರಳಿನ ಉಂಗುರ ಬಿಗಿಯಾದಂತೆ ಅನ್ನಿಸಿತು. ಯಾರಿಗೆ ಹೇಳುವುದು? ಹೇಳಿದರೆ, “ಎಷ್ಟು ಪ್ರೀತಿ ಮಾಡ್ತಾನ ನೋಡು!” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ರಾಜಾಬೀ ಬಾಗಿಲಿಗೆ ಬಂದಳು. ಒಂದು ಅರ್ಜಿ ಸಿಕ್ಕಿಕೊಂಡಿದೆ, ಅರ್ಧ ತಾಸು ಬಂದು ಹೋಗು ಎಂದು ಬೇಡಿದಳು. ನೇತ್ರಾವತಿ ಫೋನನ್ನು ಬೇಕೆಂತಲೇ ಮನೆಯಲ್ಲಿ ಬಿಟ್ಟು ಹೋದಳು. ಮರಳಿ ಬಂದಾಗ ಹದಿನಾಲ್ಕು ಮಿಸ್ ಕಾಲ್.

ಹದಿನೈದನೆಯದು ಬರುತ್ತಲೇ ಎತ್ತಿದಳು.

“ಎಲ್ಲಿ ಹೋಗಿದ್ದಿ ನೇತ್ರಾ?”

“ಯಾಕ್ರಿ? ನನ್ನ ಮ್ಯಾಲ ಕಾವಲು ಹಾಕೀರೇನು? ನಾ ಓಡಿ ಹೋಗ್ತೀನಂತ ಹೆದರಿಕಿ ಐತೇನ್ರಿ ನಿಮಗ? ಇಷ್ಟು ಸಂಶಯ ಇದ್ರ ಈ ಲಗ್ನಾನ ಬ್ಯಾಡ್ರಿ!”



“ತಪ್ಪಾತು…” ಎಂದ ಸಣ್ಣಗೆ. ಕರೆ ಕಟ್ಟಾಯಿತು.

ಮೊದಲ ದಿನ ಫೋನು ಬರಲಿಲ್ಲ. ಆಹಾ, ಎಂಥ ಹಗುರ! ಎರಡನೇ ದಿನ ಅವಳೇ ಎರಡು ಸಲ ಫೋನ್ ತೆಗೆದು ನೋಡಿದಳು. ಮೂರನೇ ದಿನ ರೊಟ್ಟಿ ಹೊತ್ತಿತು. ‘ತಪ್ಪಾತು’ ಅಂದದ್ದು ಸಿಟ್ಟಿನ ದನಿಯಾಗಿರಲಿಲ್ಲ. ಹೆದರಿದವನ ದನಿಯಾಗಿತ್ತು. ಯಾಕೆ?

ನಾಲ್ಕನೇ ದಿನ ಅವಳೇ ಕರೆ ಮಾಡಿದಳು. ವಿಡಿಯೋ ಹತ್ತಿತು. ಗಡ್ಡ ಬೆಳೆದಿತ್ತು. ತಿಂಗಳಿಂದ ನೋಡುತ್ತಿದ್ದ ಅದೇ ನೀಲಿ ಅಂಗಿ, ಹಿಂದೆ ಅದೇ ತಗಡಿನ ಗೋಡೆ. ಇಷ್ಟು ದಿನ ಅದು ತನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ!

“ನೀವು ಎಲ್ಲಿ ಅದೀರಿ?” ಈಗ ಕೇಳುವ ಸರದಿ ಅವಳದು.

“ಗಿರಣ್ಯಾಗ…”

“ಫೋನ್ ತಿರುಗಿಸ್ರಿ. ನಾ ನೋಡಬೇಕು.”

“ಬ್ಯಾಡ ನೇತ್ರಾ.”

“ತಿರುಗಿಸ್ರಿ!”

ಅವನು ತಿರುಗಿಸಿದ. ಒಂದು ಮಂಚ, ಸಣ್ಣ ಕಿಟಕಿ. ಕಿಟಕಿಯಾಚೆ ಎತ್ತರದ ಗೇಟು, ಗೇಟಿಗೆ ಸರಪಳಿ, ಕುರ್ಚಿಯಲ್ಲಿ ಒಬ್ಬ ಕಾವಲುಗಾರ.

ನೇತ್ರಾವತಿ ಫೋನನ್ನು ಕಣ್ಣಿನ ಹತ್ತಿರ ತಂದಳು. “ಇದೇನ್ರಿ?”

ಅವನು ಎಲ್ಲ ಹೇಳಿದ: ಅಕ್ಕಿಗೆ ಪಾಲಿಶ್ ಕೊಡುವ ಮಷಿನ್ನಿನ ಶಾಫ್ಟ್, ಅಂದರೆ ತಿರುಗುವ ದಂಡ, ಮುರಿದಿತ್ತು. ಬೇರೆ ಶಾಫ್ಟ್ ಬಂದು ಮಷಿನ್ ತಿರುಗುವ ತನಕ ಹೋಗುವಂತಿಲ್ಲ ಎಂದು ಅಲ್ಲಿನ ಗಿರಣಿ ಮಾಲೀಕ ಅವನ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದ. ಗೇಟು ದಾಟಲು ಬಿಡುತ್ತಿರಲಿಲ್ಲ. ಗಂಗಾವತಿಯ ಕಂಪನಿ ಸಾಹುಕಾರರು ‘ಮುಂದಿನ ವಾರ ಕಳಸ್ತೀವಿ’ ಎನ್ನುತ್ತಲೇ ಎರಡು ತಿಂಗಳು ಕಳೆದಿದ್ದರು.

“ಅವ್ವಗ ಹೇಳಬ್ಯಾಡ. ಬಿಪಿ ಐತಿ ಆಕಿಗೆ,” ಎಂದ. “ಇಲ್ಲಿ ನನ್ನ ಮಾತು ತಿಳಿಯೋರು ಯಾರೂ ಇಲ್ಲ ನೇತ್ರಾ. ಮಷಿನ್ ನಿಂತಮ್ಯಾಲ ಸಪ್ಪಳಾನೂ ಇಲ್ಲ. ನೀ ರೊಟ್ಟಿ ಬಡ್ಯೋದು, ನಿಮ್ಮ ಕೋಳಿ, ನಿಮ್ಮಪ್ಪ ಕೆಮ್ಮೋದು… ಅಷ್ಟು ಕೇಳಿದ್ರ ಹೊರಗ ಬಂದಂಗ ಆಗ್ತಿತ್ತು. ಸಂಶಯ ಅಲ್ಲ… ದೇವರಾಣಿ ಸಂಶಯ ಅಲ್ಲ.”

ಅವಳಿಗೆ ಕಣ್ಣೀರು ತಡೆಯಲಾಗಲಿಲ್ಲ. ‘ನನ್ನ ಕೂಡಿ ಹಾಕ್ಯಾನ ಅಂದ್ಕೊಂಡಿದ್ದೆ. ಬೀಗ ಬಿದ್ದದ್ದು ಅವನಿಗೆ…’

“ಮೊದ್ಲ ಯಾಕ ಹೇಳಲಿಲ್ರಿ?”

“ಹೇಳಿದ್ರ, ಇಂಥಾಂವನ ಕಟ್ಕೊಂಡು ಏನ್ ಮಾಡ್ಲಿ ಅಂತ ನೀ ಬಿಟ್ಟು ಹೋದ್ರ?”

ಅವಳು ಕಣ್ಣೊರೆಸಿಕೊಂಡಳು. “ಫೋನ್ ಚಾರ್ಜ್ ಮಾಡಿ ಇಟ್ಕೊರ್ರಿ. ನಾಳೆ ಮುಂಜಾನಿ ನಾ ಮಾಡ್ತೀನಿ.”

ಮರುದಿನ ಬೆಳಿಗ್ಗೆ ಮೂಲೆಯ ಚಪ್ಪಲಿ ಹೊರಗೆ ಬಂದವು.

“ನಿಶ್ಚಯ ಆದ ಹುಡುಗಿ ಗಂಡಿನ ಕಂಪನಿಗೆ ಹೋಗಿ ಜಗಳ ಮಾಡೂದಾ? ಮಂದಿ ಏನಂದಾರು?” ಕಾಳಪ್ಪ ಬಾಗಿಲಲ್ಲಿ ನಿಂತ.

“ಮಂದಿ ಅವರ ಪಾಸ್‌ಪೋರ್ಟ್ ತಂದು ಕೊಡಲ್ಲಪ್ಪಾ.”

ತಂದೆಯ ಪಕ್ಕದಿಂದಲೇ ದಾಟಿ ಹೋದಳು. ಗಂಗಾವತಿ ಬಸ್ಸು ಹತ್ತಿ ಕುಳಿತಾಗ ಹಿಂದಿನ ಬಾಗಿಲಿನಿಂದ ಕೆಮ್ಮು ಕೇಳಿಸಿತು. ಕಾಳಪ್ಪ ಏದುಸಿರು ಬಿಡುತ್ತ ಬಂದು, ಮಗಳ ಬಾಜು ಕುಳಿತ.

ಕಂಪನಿಯ ಸಾಹುಕಾರರು ಒಳ್ಳೆಯ ಮಾತಿನವರು. ಕುರ್ಚಿ ಹಾಕಿಸಿದರು, ಚಹಾ ತರಿಸಿದರು.

“ಹನುಮೇಶ ಅಲ್ಲಿ ಆರಾಮ ಅದಾನವ್ವ. ಸಾಮಾನು ತಯಾರ ಆಗಾಕತ್ತೈತಿ. ಇನ್ನೊಂದು ವಾರ.”

ನೇತ್ರಾವತಿ ಚಹಾ ಮುಟ್ಟಲಿಲ್ಲ. ಫೋನ್ ತೆಗೆದು ಕರೆ ಮಾಡಿದಳು. ಹನುಮೇಶನ ಮುಖ ಮೂಡುತ್ತಲೇ ಅದನ್ನು ಸಾಹುಕಾರರ ಮುಂದೆ ಮೇಜಿನ ಮೇಲೆ ನಿಲ್ಲಿಸಿದಳು.

“ಅದೇ ಮಾತು ಇವರ ಮಾರಿ ನೋಡಿ ಹೇಳ್ರಿ. ಏನ್ರೀ… ಫೋನ್ ತಿರುಗಿಸ್ರಿ, ನಿಮ್ಮ ಸಾಹುಕಾರ್ರು ಗೇಟ್ ನೋಡ್ಲಿ.”

ಗೇಟು ಕಂಡಿತು. ಸರಪಳಿ ಕಂಡಿತು. ಮಾತು ಕೇಳಿ ಒಳಗಿನ ಫಿಟ್ಟರ್‌ಗಳು ಬಾಗಿಲಿಗೆ ಬಂದು ನಿಂತಿದ್ದರು. ಅವರಲ್ಲಿ ಹಿರಿಯನಾದ ಕಾಶಿನಾಥ ಫೋನಿನೊಳಗಿನ ಮುಖವನ್ನು ಗುರುತು ಸಿಗದವನಂತೆ ನೋಡಿದ.

“ಎಲೇ ಹನುಮ್ಯಾ… ಹಿಂಗ ಯಾಕ ಆಗಿದ್ಯೋ?” ಆಮೇಲೆ ಸಾಹುಕಾರರ ಕಡೆ ತಿರುಗಿದ. “ಸಾಹುಕಾರ್ರ, ಆ ಶಾಫ್ಟ್ ತಿಂಗಳಿಂದ ಗೋಡೌನಿನಾಗ ಬಿದ್ದೈತಿ. ಮುಂದಿನ ಲೋಡ್ ಜೋಡಿ ಹಡಗಿನಾಗ ಹೋಗ್ಲಿ ಅಂದವರು ನೀವ. ನಮ್ಮ ಹುಡುಗ ಅಲ್ಲಿ ಹಿಂಗ ಕುಂತಾನ ಅಂತ ನಮಗ ಯಾರೂ ಹೇಳಲಿಲ್ಲ.”

ಸಾಹುಕಾರರ ಮುಖ ಕಪ್ಪಿಟ್ಟಿತು.

“ಶಾಫ್ಟ್ ಇವತ್ತ ವಿಮಾನಕ್ಕ ಹಾಕ್ರಿ,” ಎಂದಳು ನೇತ್ರಾವತಿ. ದನಿ ಏರಿಸಲಿಲ್ಲ. “ಅಲ್ಲಿಯ ಗಿರಣಿ ಮಾಲೀಕರ ಜೋಡಿ ಈಗ, ನನ್ನ ಮುಂದ ಮಾತಾಡ್ರಿ. ಇಲ್ಲಂದ್ರ ಇದ ಫೋನ್ ಹಿಡ್ಕೊಂಡು ಕೊಪ್ಪಳದ ಡಿ.ಸಿ. ಆಫೀಸಿಗೆ ಹೋಗ್ತೀನಿ. ಅರ್ಜಿ ಬರದ ತಂದೀನಿ.” ಚೀಲದಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟಳು.

ಕಾಳಪ್ಪ ಮಗಳನ್ನೇ ನೋಡುತ್ತಿದ್ದ.

ಆ ಮಧ್ಯಾಹ್ನವೇ ಶಾಫ್ಟ್ ಹೊರಟಿತು. ಎಂಟು ದಿನಕ್ಕೆ ಅಲ್ಲಿಗೆ ಮುಟ್ಟಿತು. ಹತ್ತನೇ ದಿನ ಅವನು ಫೋನಿನಲ್ಲಿ ಪಾಸ್‌ಪೋರ್ಟ್ ಎತ್ತಿ ತೋರಿಸಿ ಅತ್ತ.

ಕೊಪ್ಪಳ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಪಕ್ಕೀರವ್ವ ಮಗನನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಕಾಳಪ್ಪ ಅವನ ಚೀಲ ಎತ್ತಿಕೊಂಡು, ಬೀಗತಿಯನ್ನೂ ಕರೆದುಕೊಂಡು ಬೇಕೆಂತಲೇ ಮುಂದೆ ನಡೆದ. ಪ್ಲಾಟ್‌ಫಾರ್ಮಿನ ಬೆಂಚಿನ ಹತ್ತಿರ ಇಬ್ಬರೇ ಉಳಿದರು.

ಫೋನಿನಲ್ಲಿ ಕಂಡದ್ದಕ್ಕಿಂತ ಅವನು ಎತ್ತರ ಇದ್ದ. ತುಂಬಾ ಬಡವಾಗಿದ್ದ. ಎದುರಿಗೆ ನಿಂತವಳನ್ನು ನೋಡಲಾರದೆ ನೆಲ ನೋಡಿದ.

“ದಿನಾ ಅಷ್ಟು ಮಾತಾಡ್ತಿದ್ದೆ… ಈಗ ಒಂದೂ ಬರವಲ್ದು.”

“ನಾನ ಮಾತಾಡ್ತೀನಿ ಬಿಡ್ರಿ,” ಎಂದಳು ಅವಳು. “ಸೋಮವಾರದಿಂದ ನಾ ಮತ್ತ ಕೆಲ್ಸಕ್ಕ ಹೊಂಟೀನಿ. ಅಪ್ಪಾನೂ ಹೂಂ ಅಂದಾನ.”

“ಲಗ್ನ ಆದಮ್ಯಾಲೂ ಹೋಗು. ಯಾರೂ ಬ್ಯಾಡ ಅನ್ನಲ್ಲ,” ಎಂದವನು ತಡೆದು ಕೇಳಿದ, “ಲಗ್ನ ಬ್ಯಾಡ ಅಂದಿದ್ದಿಯಲ್ಲ ಆವತ್ತ… ಆ ಸಿಟ್ಟು ಇನ್ನೂ ಐತೇನು?”

“ಐತ್ರಿ.”

ಅವನ ಮುಖ ಸಣ್ಣದಾಯಿತು. “ಯಾವಾಗ ಹೋಗ್ತೈತಿ?”

“ಹೆದರಿದ್ದು, ಅತ್ತದ್ದು, ಉಪವಾಸ ಇದ್ದದ್ದು ಎಲ್ಲಾ ಮೊದ್ಲ ನನ್ನ ಮುಂದ ಹೇಳ್ತೀನಿ ಅಂತ ಮಾತು ಕೊಟ್ರ… ಈಗ ಹೋಗ್ತೈತಿ.”

ಅವನು ಮೆಲ್ಲಗೆ ಕೈ ಚಾಚಿ ಅವಳ ಬೆರಳು ಹಿಡಿದ. ಬೆಚ್ಚಗಿತ್ತು ಆ ಕೈ.

“ಹೇಳ್ತೀನಿ ನೇತ್ರಾ. ಈಗ… ಭಾಳ ಹಸಿವಾಗೈತಿ.”

ಅವಳು ಅಳುತ್ತಲೇ ನಕ್ಕುಬಿಟ್ಟಳು. “ನಡೀರಿ ಮತ್ತ!”